ನೋಡುವವರು, ನೋಡಿಕೊಳ್ಳುವವರು

ಕೇರಿಗೆ ಹೋದ ಮೊದಲ ವಾರ ಎಲ್ಲರೂ ಕೇಳಿದ್ದು ಒಂದೇ ಮಾತು. "ಹಕ್ಕುಪತ್ರದವರಾ ಮೇಡಂ?" ಕೈಯಲ್ಲಿ ಫೈಲು, ಕೊರಳಲ್ಲಿ ಐಡಿ ಕಾರ್ಡು ಇದ್ದರೆ ಬೆಂಗಳೂರಿನ ಯಾವ ಸ್ಲಮ್ಮಿಗೆ ಹೋದರೂ ಇದೇ ಪ್ರಶ್ನೆ. ಅಲ್ಲ ಅಂದರೆ ಮುಖ ಬಿಗಿಯುತ್ತದೆ. "ಹಾಗಾದ್ರೆ ಖಾಲಿ ಮಾಡ್ಸೋಕಾ?" 2013ರ ಜನವರಿಯಲ್ಲಿ ಈಜೀಪುರದಲ್ಲಿ ಬಡವರ ಮನೆಗಳನ್ನು ಕೆಡವಿದ್ದನ್ನು ಇಲ್ಲಿನವರು ಮರೆತಿಲ್ಲ.

ನಾನು ಎರಡಕ್ಕೂ ಬಂದವಳಲ್ಲ. ನಾನು ಓದಿದ್ದು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಈಗ ಮಾಡುತ್ತಿರುವುದು ಸಮಾಜ ಕಲ್ಯಾಣದ ಸಂಶೋಧನೆ. 14ರಿಂದ 21 ವರ್ಷದ ಹುಡುಗ ಹುಡುಗಿಯರ ನೆಮ್ಮದಿಗೂ ಅವರು ಬೆಳೆಯುತ್ತಿರುವ ಬೀದಿಗೂ ಏನು ಸಂಬಂಧ ಅಂತ ತಿಳಿಯಬೇಕಿತ್ತು. ಇದು ನಗರದ ಪೂರ್ವ ಭಾಗದ ಒಂದು ಹಳೆಯ ಕೇರಿ. ಹೆಸರು ಬರೆಯುವುದಿಲ್ಲ ಅಂತ ಅಲ್ಲಿನವರಿಗೆ ಮಾತು ಕೊಟ್ಟಿದ್ದೇನೆ.

ಮೊದಲ ಮೂರು ವಾರ ನಾನು ಒಂದು ಕಾಗದವನ್ನೂ ಹೊರಗೆ ತೆಗೆಯಲಿಲ್ಲ. ಸುಮ್ನೆ ಹೋಗಿ ಕೂರುತ್ತಿದ್ದೆ. 18 ತುಂಬದವರನ್ನು ಮಾತಾಡಿಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಕ್ಕಳ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಬೇಕು. ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 12 ದಾಟಿದ ಮಕ್ಕಳಿಂದ ಅದನ್ನು ಬರಹದಲ್ಲೇ ತಗೊಳ್ಳಬೇಕು ಅಂತ ಇದೆ. ಒಳ್ಳೆಯ ನಿಯಮ. ಆದರೆ ಕೇರಿಯಲ್ಲಿ ಸಹಿ ಅಂದರೆ ಭಯ. ಹೆಬ್ಬೆಟ್ಟು ಒತ್ತಿದ ಕಾಗದ ಆಮೇಲೆ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಹಾಗಾಗಿ ಒಪ್ಪಿಗೆ ಪತ್ರವನ್ನು ಮಾರಮ್ಮನ ಗುಡಿ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಪ್ರತಿ ಮನೆಗೆ ಒಂದೊಂದು ಪ್ರತಿ ಕೊಟ್ಟೆ. "ನಿಮಗೆ ಗೊತ್ತಿರೋ ಯಾರಿಗಾದ್ರೂ ತೋರಿಸಿ, ನಾನು ಮುಂದಿನ ಭಾನುವಾರ ಬರ್ತೀನಿ" ಅಂದೆ. ಅದೇ ದಿನ ಸಹಿ ಕೇಳಲಿಲ್ಲ. ಇದರಿಂದ ನನ್ನ ಕೆಲಸ ಒಂದು ತಿಂಗಳು ತಡವಾಯಿತು. ಈಗಲೂ ಹಾಗೇ ಮಾಡುತ್ತೇನೆ.

ಅದೇ ಕೇರಿಯ ಇಬ್ಬರನ್ನು ಜೊತೆಗೆ ಸೇರಿಸಿಕೊಂಡೆ. ಪಿಯುಸಿ ಮುಗಿಸಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಒಬ್ಬ ಹುಡುಗಿ, ಐಟಿಐ ಓದಿ ಡೆಲಿವರಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ. ದಿನದ ಲೆಕ್ಕದಲ್ಲಿ ಇಬ್ಬರಿಗೂ ದುಡ್ಡು ಕೊಟ್ಟೆ. ಟೀ ಬಿಸ್ಕತ್ತು ಕೊಟ್ಟು, ಒಂದು ಸರ್ಟಿಫಿಕೇಟ್ ಕೈಗಿಟ್ಟು ಬಡ ಮಕ್ಕಳಿಂದ ಕೆಲಸ ಮಾಡಿಸಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಇಬ್ಬರಿಗೂ ಕನ್ನಡ, ತಮಿಳು, ತೆಲುಗು ನೀರು ಕುಡಿದಷ್ಟು ಸುಲಭ. ಇದು ಮುಂದೆ ನನ್ನನ್ನು ದೊಡ್ಡ ತಪ್ಪಿನಿಂದ ಉಳಿಸಿತು.

ಮೊದಲು ತಗೊಂಡು ಹೋದದ್ದು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರ ಖುಷಿಯಾಗಿದ್ದೆಯಾ, ಸಮಾಧಾನವಾಗಿದ್ದೆಯಾ, ಹುರುಪಿತ್ತಾ, ಎದ್ದಾಗ ಚೆನ್ನಾಗಿ ನಿದ್ದೆ ಆದ ಹಾಗೆ ಅನಿಸಿತಾ, ದಿನವೆಲ್ಲ ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಇತ್ತಾ. ಒಂದೊಂದಕ್ಕೂ 0ರಿಂದ 5 ಅಂಕ. ಕೂಡಿ ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಅಂತ ಬರುತ್ತದೆ. ನೋಡಲು ಬಲು ಸುಲಭ.

ಹುಡುಗರು ಎಲ್ಲಕ್ಕೂ ಐದು ಹಾಕಿದರು. "ಚೆನ್ನಾಗಿದೀನಿ ಮೇಡಂ." ಹೇಗಿದ್ದೀಯಾ ಅಂದರೆ ಚೆನ್ನಾಗಿದೀನಿ ಅನ್ನುವುದು ನಮ್ಮಲ್ಲಿ ಮರ್ಯಾದೆ, ಅಲ್ವಾ? ಅದನ್ನು ಉತ್ತರ ಅಂತ ಬರೆದುಕೊಳ್ಳಲು ಹೋದದ್ದು ನನ್ನ ತಪ್ಪು. ಆದರೆ ನಾಲ್ಕನೆಯ ಪ್ರಶ್ನೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತಿತ್ತು. ನಿದ್ದೆಯ ಪ್ರಶ್ನೆ. ಒಬ್ಬ ಹೇಳಿದ, "ನಾನು ಮಲಗೋದೇ ಆಟೋದಲ್ಲಿ ಅಕ್ಕ. ಮನೇಲಿ ಜಾಗ ಇಲ್ಲ." ಇನ್ನೊಬ್ಬಳ ಮನೆ ಹತ್ತಡಿಗೆ ಹತ್ತಡಿ, ಮಲಗುವವರು ಆರು ಜನ. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಬೆಳಗಿನ ಜಾವ. ಕೊಡ ಹಿಡಿದು ಏಳಬೇಕಾದವಳು ಇವಳೇ. ಆವತ್ತು ಕಾಲೇಜಿನಲ್ಲಿ ಮೊದಲ ಪೀರಿಯಡ್ ಪೂರ್ತಿ ತೂಕಡಿಕೆ. ಖುಷಿಯ ಬಗ್ಗೆ ಕೇಳಿದರೆ ಸಿಗದ ಮಾತು ನಿದ್ದೆಯ ಬಗ್ಗೆ ಕೇಳಿದರೆ ಸಿಕ್ಕಿತು. ಆಮೇಲೆ ನಾನು ಎಲ್ಲರ ಹತ್ತಿರವೂ ನಿದ್ದೆಯಿಂದಲೇ ಮಾತು ಶುರು ಮಾಡಿದೆ. ರಾತ್ರಿ ಎಲ್ಲಿ ಮಲಗಿದೆ, ಪಕ್ಕದಲ್ಲಿ ಯಾರು, ಎಬ್ಬಿಸಿದ್ದು ಯಾರು.

ಇಷ್ಟಾದರೂ ಇದು ಒಬ್ಬೊಬ್ಬರ ಕತೆ. ಏರಿಯಾವನ್ನು ಅಳೆಯುವುದು ಹೇಗೆ?

ಈ ವಿಷಯ ಓದುವವರೆಲ್ಲ ಷಿಕಾಗೋದ ಒಂದು ಅಧ್ಯಯನದ ಹತ್ತಿರ ಬಂದೇ ಬರುತ್ತಾರೆ. ರಾಬರ್ಟ್ ಸ್ಯಾಂಪ್ಸನ್, ಸ್ಟೀಫನ್ ರಾಡೆನ್‌ಬುಶ್, ಫೆಲ್ಟನ್ ಅರ್ಲ್ಸ್ ಅನ್ನುವ ಮೂವರು 1997ರಲ್ಲಿ ಪ್ರಕಟಿಸಿದ್ದು. ಆ ನಗರದ 343 ನೆರೆಹೊರೆಗಳ 8,782 ಜನರನ್ನು ಮಾತಾಡಿಸಿ ಮಾಡಿದ ಕೆಲಸ. ಮಕ್ಕಳು ಸ್ಕೂಲು ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಏನಾದರೂ ಮಾಡುತ್ತಾರಾ? ಗೋಡೆ ಮೇಲೆ ಬಣ್ಣ ಗೀಚುತ್ತಿದ್ದರೆ? ದೊಡ್ಡವರಿಗೆ ಮರ್ಯಾದೆ ಕೊಡದಿದ್ದರೆ? ಮನೆ ಮುಂದೆ ಹೊಡೆದಾಟ ಆದರೆ? ಹತ್ತಿರದ ಅಗ್ನಿಶಾಮಕ ಠಾಣೆ ಮುಚ್ಚುತ್ತೇವೆ ಅಂದರೆ? ಇವುಗಳ ಜೊತೆಗೆ, ಅಕ್ಕಪಕ್ಕದವರ ಮೇಲೆ ನಂಬಿಕೆ ಎಷ್ಟು ಅಂತಲೂ ಕೇಳಿದರು. ಬಡತನವನ್ನು ಲೆಕ್ಕಕ್ಕೆ ತಗೊಂಡ ಮೇಲೂ, ಜನ ಒಬ್ಬರನ್ನೊಬ್ಬರು ನಂಬಿ ಮುಂದೆ ಬರುವ ಕಡೆ ಹಿಂಸೆ ಕಡಿಮೆ ಇತ್ತು. ಬಡವರು ಇರುವ ಕಡೆ ಗಲಾಟೆ ಸಹಜ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಆ ಕೆಲಸದ ಮೇಲೆ ನನಗೆ ಇವತ್ತಿಗೂ ತುಂಬ ಗೌರವ ಇದೆ.

ಪ್ರಶ್ನೆಗಳನ್ನು ಕನ್ನಡಕ್ಕೆ ತಂದೆ. ಗೋಡೆ ಬರಹ ಬಿಟ್ಟೆ, ಅಗ್ನಿಶಾಮಕ ಠಾಣೆ ಬಿಟ್ಟೆ. ಅದರ ಬದಲು, ಅಂಗನವಾಡಿ ಬೇರೆ ಕಡೆಗೆ ಹೋಗುತ್ತದೆ ಅಂದರೆ ಜನ ಸೇರುತ್ತಾರಾ, ಮೋರಿ ಉಕ್ಕಿದರೆ ಯಾರು ಫೋನ್ ಮಾಡುತ್ತಾರೆ ಅಂತ ಹಾಕಿದೆ. ಕೊನೆಗೆ ಒಂದು ವಾಕ್ಯ ಸೇರಿಸಿದೆ: "ಇಲ್ಲಿನ ದೊಡ್ಡವರು ನಿಮ್ಮಂಥವರ ಮೇಲೆ ಕಣ್ಣಿಟ್ಟಿರುತ್ತಾರಾ?" ಹೌದು ಅಂದವರು ಜಾಸ್ತಿ ಇದ್ದಷ್ಟೂ ಏರಿಯಾ ಒಳ್ಳೆಯದು ಅಂತ ನನ್ನ ಲೆಕ್ಕ.

ಹುಡುಗಿಯರೆಲ್ಲ ಹೌದು ಅಂದರು. ಗಾರ್ಮೆಂಟ್ಸಿನ ಹುಡುಗಿ ಆವತ್ತು ಸಂಜೆ ಫಾರಂಗಳನ್ನು ಜೋಡಿಸುತ್ತಾ ಕೇಳಿದಳು, "ಅಕ್ಕ, ಇದನ್ನ ನೀವು ಒಳ್ಳೇದು ಅಂತ ಬರ್ಕೊಳ್ತಿದೀರಾ?"

"ಹೌದು, ಯಾಕೆ?"

"ನೋಡ್ತಾರೆ ಅಕ್ಕ. ನೋಡ್ಕೊಳ್ಳಲ್ಲ."

ಆ ಎರಡು ಮಾತುಗಳ ಮೇಲೆ ನಾನು ಎರಡು ವರ್ಷ ಕೆಲಸ ಮಾಡಿದ್ದೇನೆ. ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ. ಕನ್ನಡದಲ್ಲಿ ಒಂದೇ ಬೇರು, ನಡುವೆ ಬರುವುದು ಬರೀ ಒಂದು "ಕೊಳ್ಳು". ತಮಿಳಿನಲ್ಲೂ ಹಾಗೇ, ಪಾಕ್ರಾಂಗ, ಪಾತ್ತುಕ್ರಾಂಗ. ತೆಲುಗಿನಲ್ಲೂ ಹಾಗೇ, ಚೂಸ್ತಾರು, ಚೂಸ್ಕುಂಟಾರು. ಕೇರಿಯ ಮೂರೂ ಭಾಷೆಗಳು ಈ ಭೇದವನ್ನು ಮೊದಲೇ ಮಾಡಿಟ್ಟಿದ್ದವು. ನನ್ನ ಫಾರಂ ಮಾತ್ರ ಮಾಡಿರಲಿಲ್ಲ.

ಪ್ರಶ್ನೆಯನ್ನು ಎರಡಾಗಿ ಒಡೆದೆವು. ನೀನು ಬಂದು ಹೋಗುವುದನ್ನು ನೋಡುವವರು ಯಾರು? ನೀನು ಬರದೇ ಹೋದರೆ ಹುಡುಕಿಕೊಂಡು ಬರುವವರು ಯಾರು? ಮೊದಲನೆಯದಕ್ಕೆ ಹುಡುಗಿಯರು ಪಟಪಟ ಹೆಸರು ಹೇಳಿದರು. ಅಂಗಡಿ ಅಂಕಲ್, ಎದುರು ಮನೆ ಅಜ್ಜಿ, ಮೂಲೆಯ ಹುಡುಗರು. ಒಬ್ಬಳು ಬಸ್ ಸ್ಟಾಪಿನಲ್ಲಿ ಕ್ಲಾಸಿನ ಹುಡುಗನ ಜೊತೆ ಎರಡು ನಿಮಿಷ ನಿಂತಿದ್ದಳು. ಅವಳು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಮುಂದಿನ ವರ್ಷ ಅವಳನ್ನು ಕಾಲೇಜಿಗೆ ಕಳಿಸಲಿಲ್ಲ. ಷಿಕಾಗೋದ ಲೆಕ್ಕದಲ್ಲಿ ಇದು ಅಕ್ಕಪಕ್ಕದವರು ಮುಂದೆ ಬಂದ ಹಾಗೆ. ಅವಳ ಪಾಲಿಗೆ ಓದು ನಿಂತ ಹಾಗೆ.

ಎರಡನೆಯದಕ್ಕೆ ಹೆಸರು ಬರಲು ಹೊತ್ತು ಹಿಡಿಯುತ್ತಿತ್ತು. ಬಂದ ಹೆಸರುಗಳೂ ನಾನು ಅಂದುಕೊಂಡವರದ್ದಲ್ಲ. ಸಂಘದ ಅಧ್ಯಕ್ಷರಿಲ್ಲ, ಮುಖಂಡರಿಲ್ಲ. ಇಸ್ತ್ರಿ ಗಾಡಿಯವರು, ಹೊಲಿಗೆ ಅಂಗಡಿಯ ಆಂಟಿ, ಕಸ ಎತ್ತುವ ಒಬ್ಬ ಪೌರಕಾರ್ಮಿಕ ಅಮ್ಮ. ಎಲ್ಲರೂ ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇರುವವರು. ಹುಡುಗರು ಹೇಳಿದ ಹೆಸರುಗಳೂ ಇವೇ. ಮೂಲೆಯಲ್ಲಿ ನಿಂತರೆ ಪೊಲೀಸರಿಗೆ ಫೋನ್ ಮಾಡುವವರು ಕೆಲವರು, "ಊಟ ಆಯ್ತೇನೋ" ಅನ್ನುವವರು ಕೆಲವರು. ಆ ಹುಡುಗರಿಗೆ ಯಾರು ಯಾವ ಗುಂಪು ಅಂತ ಬಾಯಿಪಾಠ.

ಆಮೇಲೆ ನಕ್ಷೆ ಬರೆಸಿದೆ. ಇದಕ್ಕೆ ಬೆಂಗಳೂರಿನಲ್ಲೇ ಒಂದು ದಾರಿ ಇತ್ತು. ನಗರಗಳಲ್ಲಿ ಮಕ್ಕಳು ಬೆಳೆಯುವುದು ಹೇಗೆ ಅಂತ ತಿಳಿಯಲು 1970ರ ದಶಕದಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಯುನೆಸ್ಕೋ ಜೊತೆ ಸೇರಿ ಒಂದು ಕೆಲಸ ಶುರು ಮಾಡಿದ್ದರು. 1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಅನ್ನುವ ಸಂಶೋಧಕಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಆಗ ಜೋಹಾನ್ಸ್‌ಬರ್ಗ್, ಬ್ಯೂನಸ್ ಐರಿಸ್, ಮೆಲ್ಬರ್ನ್‌ಗಳ ಜೊತೆ ನಮ್ಮ ಬೆಂಗಳೂರಿನ ಸತ್ಯನಗರವೂ ಸೇರಿತ್ತು. ಅಲ್ಲಿ ಕೆಲಸ ಮಾಡಿದವರು ಡೇವಿಡ್ ಡ್ರಿಸ್ಕೆಲ್ ಮತ್ತು ಕಾಂಚನ್ ಬ್ಯಾನರ್ಜಿ. ನೀರಿಲ್ಲ, ಚರಂಡಿಯಿಲ್ಲ. ಆದರೂ ಸತ್ಯನಗರದ ಮಕ್ಕಳು ತಮ್ಮ ಜಾಗವನ್ನು ಇಷ್ಟಪಟ್ಟು ಮಾತಾಡಿದ್ದರು. ಶ್ರೀಮಂತ ದೇಶಗಳ ಕೆಲವು ಕಡೆಯ ಮಕ್ಕಳು ಬೇಜಾರು ಅಂದಿದ್ದರು. ಅದನ್ನು ಓದಿದಾಗ ಬಡತನದಲ್ಲೇ ಸುಖ ಅಂತ ತಿಳಿಯುವ ಅಪಾಯ ಇದೆ. ಹಾಗಲ್ಲ. ಆ ಮಕ್ಕಳಿಗೆ ಆಡಲು ಬೀದಿ ಇತ್ತು, ಜೊತೆಗೆ ಜನ ಇದ್ದರು. ನೀರು ಚರಂಡಿ ಕೊಡುವಾಗ ಇದನ್ನು ಕಿತ್ತುಕೊಳ್ಳಬಾರದು ಅನ್ನುವುದು ನಾನು ತಗೊಂಡ ಪಾಠ.

ಒಂದು ಹಾಳೆ, ಕ್ರೆಯಾನು. "ನಿನ್ನ ಏರಿಯಾ ಬರಿ, ನಿನಗೆ ಬೇಕಾದ ಹಾಗೆ." ಹುಡುಗರ ನಕ್ಷೆ ಕೇರಿ ದಾಟಿ ಮುಖ್ಯರಸ್ತೆ, ಮೈದಾನ, ಮೆಟ್ರೋ ಸ್ಟೇಷನ್ನಿನವರೆಗೆ ಹೋಗುತ್ತಿತ್ತು. ಅದರಲ್ಲಿ ಮನೆ ಒಂದು ಚುಕ್ಕೆ. ಹುಡುಗಿಯರ ನಕ್ಷೆಯಲ್ಲಿ ಮನೆಯೇ ಅರ್ಧ ಹಾಳೆ. ಆದರೆ ಅವರದ್ದರಲ್ಲಿ ನಾನು ಎಣಿಸದ ಒಂದು ವಿಷಯ ಇತ್ತು. ದಾರಿಗಳು ನೇರವಾಗಿರಲಿಲ್ಲ. ಮೂರನೆಯ ಗಲ್ಲಿಗೆ ಹೋಗಲು ಐದನೆಯ ಗಲ್ಲಿ ಸುತ್ತಿದ್ದರು. "ಈ ಕಡೆ ಯಾಕೆ ಹೋಗಲ್ಲ?" ಅಂದರೆ, "ಅಲ್ಲಿ ನೋಡೋರು ಇದಾರೆ." "ಈ ಕಡೆ?" "ಇಲ್ಲಿ ಹೊಲಿಗೆ ಆಂಟಿ ಇದಾರೆ." ಕಾಲ್ದಾರಿಯನ್ನು ಅವರು ದೂರದಿಂದ ಲೆಕ್ಕ ಹಾಕುತ್ತಿರಲಿಲ್ಲ. ಯಾರ ಮನೆ ಮುಂದೆ ಹಾಯಬೇಕು ಅನ್ನುವುದರಿಂದ ಲೆಕ್ಕ ಹಾಕುತ್ತಿದ್ದರು.

ಒಬ್ಬಳು ಮನೆಯನ್ನೂ ಬರೆದಿರಲಿಲ್ಲ. ಹಾಳೆ ತುಂಬ ಒಂದು ತಾರಸಿ ಬರೆದಿದ್ದಳು. ಸಿಂಟೆಕ್ಸ್ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ಟ್ಯಾಂಕಿನ ಹಿಂದೆ ಒಂದು ಚಾಪೆ. "ಇದು ನನ್ನ ಜಾಗ" ಅಂತ ಬರೆದಿದ್ದಳು. ಸಂಜೆ ಅರ್ಧ ಗಂಟೆ ಅಲ್ಲಿ ಕೂತು ಓದುತ್ತಾಳಂತೆ. ಯಾರಿಗೂ ಕಾಣುವುದಿಲ್ಲವಂತೆ.

ಈಗ ಹೇಳುವುದು ನನ್ನ ತಪ್ಪು.

ಕೆಲಸ ಅರ್ಧ ಆದಾಗ ಕೇರಿಯವರಿಗೆ ಅಲ್ಲಿಯವರೆಗೆ ತಿಳಿದದ್ದನ್ನು ತೋರಿಸಬೇಕು ಅಂತ ಸಭೆ ಕರೆದೆ. ಜನರಿಂದ ತಗೊಂಡದ್ದನ್ನು ಜನರಿಗೆ ವಾಪಸ್ ಕೊಡಬೇಕು ಅನ್ನುವುದು ನಾನು ನಂಬಿದ ಮಾತು. ಹೆಸರು ಅಳಿಸಿ ಕೆಲವು ನಕ್ಷೆಗಳನ್ನು ಗೋಡೆಗೆ ಅಂಟಿಸಿದೆ. ಅದರಲ್ಲಿ ತಾರಸಿಯದ್ದೂ ಇತ್ತು. ಹೆಸರು ಅಳಿಸಿದರೆ ಸಾಕು ಅಂದುಕೊಂಡಿದ್ದೆ. ಆದರೆ ಆ ಸಾಲಿನಲ್ಲಿ ನೀಲಿ ಟ್ಯಾಂಕು ಇದ್ದದ್ದು ಒಂದೇ ಮನೆಯ ಮೇಲೆ. ಹೊರಗಿನವರಿಗೆ ಅದು ಬರೀ ಚಿತ್ರ. ಕೇರಿಯವರಿಗೆ ವಿಳಾಸ.

ಮರುದಿನವೇ ತಾರಸಿ ಬಾಗಿಲಿಗೆ ಬೀಗ ಬಿತ್ತು. "ಒಬ್ಬಳೇ ಮೇಲೆ ಏನ್ ಮಾಡ್ತಿದ್ದೆ?" ಅಂತ ಅಣ್ಣ ಕೇಳಿದನಂತೆ.

ಅವರ ಮನೆಗೆ ಹೋದೆ. ಅವಳ ಅಮ್ಮನ ಹತ್ತಿರ ತಪ್ಪಾಯಿತು ಅಂದೆ. "ನೀವೇನ್ ಮಾಡಿದ್ರಿ ಬಿಡಮ್ಮ, ಚಿತ್ರ ತಾನೇ" ಅಂದರು. ಅವಳು ನನ್ನ ಮುಖ ನೋಡಲಿಲ್ಲ. ಒಪ್ಪಿಗೆ ಪತ್ರದಲ್ಲಿ ಎಲ್ಲವೂ ಸರಿಯಾಗಿತ್ತು, ಅವಳ ಸಹಿಯೂ ಇತ್ತು. ಆದರೆ ನಕ್ಷೆ ಬರೆಯಲು ಒಪ್ಪಿದ್ದು ಒಂದು ವಿಷಯ, ಅದನ್ನು ಅಕ್ಕಪಕ್ಕದವರ ಮುಂದೆ ಹಾಕಲು ಒಪ್ಪುವುದು ಇನ್ನೊಂದು. ನೋಡುವವರ ಬಗ್ಗೆ ಅಷ್ಟು ಬರೆದುಕೊಂಡ ನಾನೇ ಅವಳನ್ನು ಅವರ ಕಣ್ಣಿಗೆ ತಂದು ನಿಲ್ಲಿಸಿದ್ದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಏನು ಹೊರಗೆ ಹೋಗಬೇಕು ಅನ್ನುವುದನ್ನು ಬರೆದವರೇ ಹೇಳುತ್ತಾರೆ. ಒಂದು ಸಲ ಅಲ್ಲ, ಪ್ರತಿ ಸಲ ಕೇಳುತ್ತೇವೆ. ಕೇರಿಯ ಒಳಗೆ ತೋರಿಸುವುದಕ್ಕೆ ಬೇರೆ ಒಪ್ಪಿಗೆ, ಹೊರಗೆ ತೋರಿಸುವುದಕ್ಕೆ ಬೇರೆ. ನಾವು ಹೊರಗಿನವರಿಂದ ಬಚ್ಚಿಡುವುದನ್ನೇ ಗುಟ್ಟು ಅಂದುಕೊಂಡಿರುತ್ತೇವೆ. ಆ ವಯಸ್ಸಿನ ಹುಡುಗಿಗೆ ಬೇಕಾದದ್ದು ಹತ್ತಿರದವರಿಂದ ಬಚ್ಚಿಡುವುದು. ಸಭೆಯಲ್ಲಿ ಈಗ ನಕ್ಷೆ ತೋರಿಸುವುದಿಲ್ಲ. ಎಲ್ಲರೂ ಸೇರಿ ಬಂದ ಬೇಡಿಕೆಗಳನ್ನು ಮಾತ್ರ ಹೇಳುತ್ತೇವೆ.

ಬೇಡಿಕೆಗಳಲ್ಲಿ ಹುಡುಗಿಯರು ಕೇಳಿದ್ದು ಪಾರ್ಕು ಅಲ್ಲ, ಕ್ಯಾಮೆರಾ ಅಂತೂ ಅಲ್ಲವೇ ಅಲ್ಲ. "ಕೂರೋಕೆ ಒಂದು ಕಾರಣ ಬೇಕು" ಅಂದರು. ಹುಡುಗರು ಸುಮ್ಮನೆ ಕೂರಬಹುದು. ಹುಡುಗಿ ಕೂತರೆ ಯಾಕೆ ಕೂತಿದ್ದಾಳೆ ಅಂತ ಹೇಳಬೇಕು. ಹೊಲಿಗೆ ಆಂಟಿ ತಮ್ಮ ಅಂಗಡಿ ಮುಂದೆ ಎರಡು ಕಲ್ಲಿನ ಬೆಂಚು ಹಾಕಿಸಲು ಒಪ್ಪಿದರು. ಬ್ಲೌಸಿಗೆ ಹುಕ್ಕು ಹೊಲಿಯುವ ಕೆಲಸ ಅಂತ ಹೆಸರು. ಒಂದಿಷ್ಟು ಹುಕ್ಕು ಹೊಲಿಯುವುದೂ ಉಂಟು. ಸಂಜೆ ಐದರಿಂದ ಏಳರವರೆಗೆ ಅಲ್ಲಿ ಆರೇಳು ಹುಡುಗಿಯರು ಇರುತ್ತಾರೆ, ಕೆಲವರ ತೊಡೆ ಮೇಲೆ ಪುಸ್ತಕ. ಅಮ್ಮಂದಿರು ಬೇಡ ಅನ್ನಲಿಲ್ಲ, ಯಾಕೆಂದರೆ ಆಂಟಿ ನೋಡಿಕೊಳ್ಳುತ್ತಾರೆ.

ತಾರಸಿಯ ಹುಡುಗಿ ಅಲ್ಲಿಗೂ ಬರುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಬೆಂಚಿನ ಹತ್ತಿರ ಬಂದಳು. ಕೂರಲಿಲ್ಲ. "ಅಕ್ಕ, ನನ್ನ ಚಿತ್ರ ನಿಮ್ಮ ಹತ್ರ ಇದ್ಯಾ?" ಅಂದಳು. ಇದೆ ಅಂದೆ. ವಾಪಸ್ ಕೊಡಿ ಅಂದಳು. ಮರುದಿನ ತಂದು ಕೊಟ್ಟೆ. ಕಂಪ್ಯೂಟರಿನಲ್ಲಿದ್ದ ಫೋಟೋವನ್ನು ಅವಳ ಮುಂದೆಯೇ ಅಳಿಸಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು. ವರದಿಯಲ್ಲಿ ಹುಡುಗಿಯರ ನಕ್ಷೆ ಒಂದು ಕಡಿಮೆ ಇದೆ.