ಬೊಡೋನಿ ಫಾಂಟ್ ಬಳಸುವುದು ಹೇಗೆ? ತೆಳುಗೀಟು ಮಾಯವಾಗದಂತೆ ನೋಡಿಕೊಳ್ಳಿ

ಈಚೆಗೆ ಒಂದು ಮದುವೆ ಪತ್ರಿಕೆ ಕೈಗೆ ಬಂತು. ಅದರ ಇಂಗ್ಲಿಷ್ ಪುಟದಲ್ಲಿ ಮದುಮಕ್ಕಳ ಹೆಸರು ಬೊಡೋನಿಯಲ್ಲಿ ಬಲು ಚೆಂದ ಕೂತಿತ್ತು. ಛತ್ರದ ವಿಳಾಸವೂ ಅದೇ ಫಾಂಟ್. ಆದರೆ ತೀರಾ ಸಣ್ಣದು, ಅದೂ ಕಡುಗೆಂಪಿನ ಮೇಲೆ ಬಿಳಿ ಅಕ್ಷರ. ನಡುಗೀಟು ಅಳಿಸಿಹೋಗಿ ಸಣ್ಣ ‘e’ಗಳೆಲ್ಲ ‘c’ ಆಗಿದ್ದವು. ಈ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ!

ಮೊದಲ ಹಂತ ಸುಲಭ. ಬೊಡೋನಿಯನ್ನು ಹೆಸರು, ತಲೆಬರಹ, ತಾರೀಖಿಗಷ್ಟೇ ಇಡಿ.

ಎರಡನೆಯದು ಸೈಜಿಗೆ ತಕ್ಕ ಬೊಡೋನಿ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಈ ಅಕ್ಷರದ ಸೊಗಸೆಲ್ಲ ಇರುವುದು ದಪ್ಪಗೀಟು, ಕೂದಲೆಳೆಯ ಗೀಟು ಪಕ್ಕಪಕ್ಕ ನಿಲ್ಲುವುದರಲ್ಲಿ. ಈ ಫಾಂಟಿಗೆ ಹೆಸರು ಬಂದದ್ದು ಜಾಂಬಟ್ಟಿಸ್ಟಾ ಬೊಡೋನಿಯಿಂದ. ಅವನು 1768ರಲ್ಲಿ ಇಟಲಿಯ ಪಾರ್ಮಾದಲ್ಲಿ ಡ್ಯೂಕ್‌ನ ಮುದ್ರಣಾಲಯದ ಹೊಣೆ ಹೊತ್ತವನು. ಆಗ ಒಂದೊಂದು ಸೈಜಿಗೂ ಲೋಹದಲ್ಲಿ ಬೇರೆಯಾಗಿಯೇ ಅಕ್ಷರ ಕೆತ್ತಬೇಕಿತ್ತು. ಸಣ್ಣ ಸೈಜಿನ ಗೀಟು ತುಸು ಗಟ್ಟಿಯಾಗಿರುವಂತೆ ನೋಡಿಕೊಳ್ಳಬಹುದಿತ್ತು. ಈಗ ನಾವು ಪೋಸ್ಟರಿನ ಅಕ್ಷರವನ್ನೇ ಸುಮ್ನೆ ಕುಗ್ಗಿಸಿ ವಿಳಾಸಕ್ಕೆ ಹಾಕುತ್ತೇವೆ. ಗೀಟು ಉಳಿಯುವುದಾದರೂ ಹೇಗೆ, ಅಲ್ವಾ?

ಇದಕ್ಕೆ ದಾರಿ ಇದೆ. ಐಟಿಸಿ ಎಂಬ ಫಾಂಟ್ ಕಂಪನಿಯ 1994ರ ಐಟಿಸಿ ಬೊಡೋನಿಯಲ್ಲಿ 6, 12, 72 ಪಾಯಿಂಟಿಗೆಂದೇ (ಪಾಯಿಂಟ್ ಎಂದರೆ ಅಕ್ಷರದ ಸೈಜಿನ ಅಳತೆ) ಮೂರು ಬಗೆ ಇವೆ. ದುಡ್ಡು ಕೊಡಲು ಇಷ್ಟವಿಲ್ಲದಿದ್ದರೆ ಗೂಗಲ್ ಫಾಂಟ್ಸ್‌ನ ಬೊಡೋನಿ ಮೋಡಾ ತೆಗೆದುಕೊಳ್ಳಿ. ಅದರಲ್ಲೂ ಸೈಜಿಗೆ ತಕ್ಕಂತೆ ಗೀಟಿನ ದಪ್ಪ ಬದಲಿಸುವ ಸೌಲಭ್ಯ ಇದೆ. ಎಲ್ಲಿಂದಲೋ ಇಳಿಸಿಕೊಂಡ, ಹೆಸರು ಮಾತ್ರ ಬೊಡೋನಿ ಎಂದಿರುವ ಫಾಂಟ್ ಬೇಡವೇ ಬೇಡ. ‘ಔಟ್‌ಲೈನ್ ಕೊಟ್ಟು ದಪ್ಪ ಮಾಡಿಬಿಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತೆಳುಗೀಟಿನ ಜೊತೆ ದಪ್ಪಗೀಟೂ ಉಬ್ಬುತ್ತದೆ, ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ನನ್ನ ಮಾತು ಕೇಳುವುದಾದರೆ, 10 ಪಾಯಿಂಟಿಗಿಂತ ಸಣ್ಣದಕ್ಕೆ ಬೊಡೋನಿಯನ್ನೇ ಬಿಟ್ಟುಬಿಡಿ. ವಿಳಾಸಕ್ಕೆ ಎಲ್ಲ ಗೀಟೂ ಒಂದೇ ದಪ್ಪ ಇರುವ ಸರಳ ಫಾಂಟ್ ಸಾಕು.

ಮೂರನೆಯದು ಬಣ್ಣ ಮತ್ತು ಕಾಗದ. ಬಿಳಿ ಕಾಗದದ ಮೇಲೆ ಒಂದೇ ಬಣ್ಣದ ಶಾಯಿ, ಕಪ್ಪಾದರೆ ಇನ್ನೂ ಒಳ್ಳೆಯದು. ಕಡುಗೆಂಪು ಹಿನ್ನೆಲೆಗೆ ಎರಡು ಮೂರು ಶಾಯಿ ಒಂದರ ಮೇಲೊಂದು ಬೀಳುತ್ತವೆ. ಅದರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಬಿಳಿ ಗೀಟು ಮುಚ್ಚಿಹೋಗುತ್ತದೆ. ಉರುಟು ಕಾಗದವೂ ಬೇಡ, ನುಣುಪಾದದ್ದೇ ಇರಲಿ.

ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ.

ಕೊನೆಗೆ ಪ್ರೂಫ್. ಮೊಬೈಲ್‌ನಲ್ಲಿ ಪಿಡಿಎಫ್ ಹಿಗ್ಗಿಸಿ ನೋಡಿ ಓಕೆ ಎನ್ನಬೇಡಿ. ಅಚ್ಚಾಗುವ ಕಾಗದದ ಮೇಲೇ, ಅದೇ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ. ಮನೆಯ ಹಿರಿಯರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಸಾಲಿನ ಫಾಂಟ್ ಬದಲಿಸಿ.