ಸ್ಪ್ರಿಂಕ್ಲರ್ ಚಿಹ್ನೆಗೆ ಬೇಸ್ ಪಾಯಿಂಟ್ ಕೊಡುವುದು ಹೇಗೆ?

ಒಮ್ಮೆ ಒಂದು ಹುಲ್ಲುಹಾಸಿನ ನಕ್ಷೆ ನನ್ನ ಕೈಗೆ ಬಂತು. ನೋಡಲು ಎಲ್ಲ ಸರಿ, ನಾಲ್ಕೂ ಮೂಲೆಗೆ ಕಾಲು ವೃತ್ತದ ಸ್ಪ್ರಿಂಕ್ಲರ್. ಆದರೆ ನಕ್ಷೆಯಿಂದ ತೆಗೆದ ಎಕ್ಸ್-ವೈ ಅಂಕಿ ಹಿಡಿದು ಗೂಟ ಹೊಡೆದ ಹುಡುಗರು ಮೂಲೆಯಿಂದ ಎಂಟೂವರೆ ಮೀಟರ್ ಒಳಗೆ ಹೊಡೆದಿದ್ದರು. ತಪ್ಪು ಅವರದಲ್ಲ, ಚಿಹ್ನೆ ಮಾಡಿದವರದು.

ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್‌ಗೆ ಚಿಹ್ನೆಯ ಆಕಾರ ಮುಖ್ಯವಲ್ಲ. ಅದರ ಬೇಸ್ ಪಾಯಿಂಟ್, ಅಂದರೆ ಚಿಹ್ನೆಯನ್ನು ಹಿಡಿದು ನಕ್ಷೆಯಲ್ಲಿ ಇಡುವ ಬಿಂದು, ಎಲ್ಲಿ ಕೂತಿದೆಯೋ ಅದೇ ಚಿಹ್ನೆಯ ಜಾಗ. ತಿರುಗಿಸಿದರೂ ಅದರ ಸುತ್ತಲೇ ತಿರುಗುತ್ತದೆ.

1. ಚಿಹ್ನೆಯನ್ನು ‘0’ ಹೆಸರಿನ ಪದರ, ಅಂದರೆ ಸೊನ್ನೆ ಲೇಯರ್‌ನಲ್ಲಿ, ನಿಜವಾದ ಅಳತೆಗೆ ಬರೆಯಿರಿ. ನೀರು 12 ಮೀಟರ್ ಹಾರುತ್ತದಾ? ತ್ರಿಜ್ಯವೂ 12 ಮೀಟರ್.

2. ಗೆರೆಗಳನ್ನೆಲ್ಲ ಒಂದೇ ಚಿಹ್ನೆಯಾಗಿ ಕಟ್ಟುವ ‘ಬ್ಲಾಕ್’ ಕಮ್ಯಾಂಡ್ ಕೊಟ್ಟು ಹೆಸರಿಡಿ. ‘ಹೊಸದು1’ ಅಂತೆಲ್ಲ ಬೇಡ.

3. ಎಲ್ಲರೂ ಎಡವುವುದು ಇಲ್ಲೇ. ‘ಪಿಕ್ ಪಾಯಿಂಟ್’ ಒತ್ತದೆ ಸುಮ್ನೆ ಓಕೆ ಕೊಟ್ಟರೆ ಬೇಸ್ ಪಾಯಿಂಟ್ 0,0ಕ್ಕೆ ಹೋಗುತ್ತದೆ. ಆಮೇಲೆ ಕರ್ಸರ್ ಇಲ್ಲಿ, ಸ್ಪ್ರಿಂಕ್ಲರ್ ಇನ್ನೆಲ್ಲೋ. ಇದಾದರೂ ಪರವಾಗಿಲ್ಲ, ತಕ್ಷಣ ಕಣ್ಣಿಗೆ ಬೀಳುತ್ತದೆ. ಚಿಹ್ನೆಯ ನಟ್ಟನಡುವೆ ಒತ್ತುವುದು ಕಳ್ಳ ತಪ್ಪು. ಪೂರ್ತಿ ವೃತ್ತಕ್ಕೆ ಅದು ಸರಿಯೇ, ನೀರು ಚಿಮ್ಮುವ ಮೂತಿ ಅಂದರೆ ನಾಝಲ್ ಇರುವುದೇ ನಡುವೆ. ಕಾಲು ವೃತ್ತದಲ್ಲಿ ನಾಝಲ್ ಇರುವುದು ಎರಡು ನೇರ ಗೆರೆ ಕೂಡುವ ಮೂಲೆಯಲ್ಲಿ. 12 ಮೀಟರ್ ಚಿಹ್ನೆ ಕೂರುವ ಚೌಕದ ನಡುವಿನಿಂದ ಆ ಮೂಲೆಗೆ ಸುಮಾರು 8.5 ಮೀಟರ್. ಆ ಹುಡುಗರ ಗೂಟದ ಲೆಕ್ಕ ಸಿಕ್ಕಿತಲ್ವಾ?

ಹಾಗಾಗಿ ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ (ಕರ್ಸರ್ ಗೆರೆಯ ನಿಖರ ಬಿಂದುಗಳಿಗೆ ತಾನೇ ಅಂಟುವ ಸೌಲಭ್ಯ) ಆನ್ ಮಾಡಿ, ಗೆರೆಯ ತುದಿ ಹಿಡಿಯುವ ‘ಎಂಡ್‌ಪಾಯಿಂಟ್’ ಒಂದನ್ನೇ ಇಟ್ಟುಕೊಂಡು ಆ ಮೂಲೆ ಹಿಡಿಯಿರಿ. ‘ನಿಯರೆಸ್ಟ್’ ಆಫ್ ಇರಲಿ. ಅದು ಗೆರೆಯ ಮೇಲೆ ಎಲ್ಲಿ ಬೇಕಾದರೂ ಕಚ್ಚಿಕೊಳ್ಳುತ್ತದೆ, ನಾನಂತೂ ಅದನ್ನು ಮುಟ್ಟುವುದೇ ಇಲ್ಲ.

ವಾಲ್ವ್‌ಗೆ ನಡುಬಿಂದುವೇ ಇರಲಿ. ಕೆಲವರು ನೀರು ಒಳಬರುವ ತುದಿ ಹಿಡಿಯುತ್ತಾರೆ. ದಿಕ್ಕು ತಿರುಗಿಸಿದರೆ ಚಿಹ್ನೆ ಪೈಪಿನ ಮೇಲೆ ಜರುಗುತ್ತದೆ, ನನಗದು ಒಗ್ಗುವುದಿಲ್ಲ.

4. ಪರೀಕ್ಷೆ. ಒಂದೇ ಬಿಂದುವಿನಲ್ಲಿ ಚಿಹ್ನೆಯನ್ನು 0, 90, 180, 270 ಡಿಗ್ರಿಗೆ ನಾಲ್ಕು ಸಲ ಇಡಿ. ಪೂರ್ತಿ ವೃತ್ತ ಬಂದರೆ ಗೆದ್ದಿರಿ. ಒಂದರ ಮೇಲೊಂದು ಕೂತು ಚೌಕದೊಳಗೆ ಗೋಜಲಾದರೆ ನೀವು ಹಿಡಿದದ್ದು ನಡುವನ್ನು.

ಪುಕ್ಕಟೆ ಸಿಗುವ ಚಿಹ್ನೆಗಳ ಕಟ್ಟನ್ನೂ ಈ ಪರೀಕ್ಷೆ ಮಾಡದೆ ಬಳಸಬೇಡಿ. ನಾನು ಇಳಿಸಿಕೊಂಡ ಒಂದರಲ್ಲಿ ಬೇಸ್ ಪಾಯಿಂಟ್ ತೋಟದಾಚೆ ಇತ್ತು.

ತಪ್ಪಾದ ಚಿಹ್ನೆ ಸರಿಮಾಡಲು ಅದನ್ನು ಬ್ಲಾಕ್ ತಿದ್ದುವ ‘ಬಿಎಡಿಟ್’ ಕಮ್ಯಾಂಡ್‌ನಲ್ಲಿ ತೆರೆದು, ಇಡೀ ಚಿತ್ರವನ್ನು ಎಳೆದು ನಾಝಲ್ ಮೂಲೆಯನ್ನು 0,0ಕ್ಕೆ ತಂದು ಸೇವ್ ಮಾಡಿ. ಆದರೆ ನಕ್ಷೆಯ ಕಾಪಿ ಇಟ್ಟುಕೊಂಡೇ ಕೈ ಹಾಕಿ. ಸೇವ್ ಆದ ಕ್ಷಣವೇ ಆಗಲೇ ಇಟ್ಟಿರುವ ಅಷ್ಟೂ ಸ್ಪ್ರಿಂಕ್ಲರ್ ಜಾಗ ಬಿಟ್ಟು ಜಿಗಿಯುತ್ತವೆ. ಒಂದೊಂದನ್ನೂ ಮತ್ತೆ ಮೂಲೆಗೆ ಎಳೆದು ಕೂರಿಸಬೇಕು.