ಕೋಸಂಬರಿಗೆ ನಿಂಬೆರಸ ಬೆರೆಸುವ ಹೊತ್ತು

ಮೊನ್ನೆ ನಮ್ಮ ಮನೆಗೆ ಬಂದಿದ್ದ ತಂಗಿಯ ಸೊಸೆ ಹೆಸರುಬೇಳೆ ಕೋಸಂಬರಿಗೆ ಇನ್ನೂ ಚಟಪಟ ಎನ್ನುತ್ತಿದ್ದ ಒಗ್ಗರಣೆಯನ್ನು ಸುರಿದು, ಅದರ ಮೇಲೆಯೇ ನಿಂಬೆಹಣ್ಣನ್ನು ಹಿಂಡಿ, ಉಪ್ಪನ್ನೂ ಕಲಸಿ, ಊಟಕ್ಕೆ ಎರಡು ಗಂಟೆ ಇರುವಾಗಲೇ ಮುಚ್ಚಿಟ್ಟುಬಿಟ್ಟಳು. ಎಲೆ ಹಾಕುವ ಹೊತ್ತಿಗೆ ಸೌತೆಕಾಯಿ ನೀರು ಬಿಟ್ಟು ಬೇಳೆಯೆಲ್ಲ ಅದರಲ್ಲಿ ತೇಲುತ್ತಿತ್ತು. ನಿಂಬೆಯ ಘಮ ಹೋಗಿ ನಾಲಗೆಗೆ ತುಸು ಕಹಿ ಮಾತ್ರ ಸಿಕ್ಕಿತು. ಆರೋಗ್ಯಕ್ಕೆಂದೇ ಹಸಿ ತರಕಾರಿ ತಿನ್ನುತ್ತೇವೆ ಎನ್ನುವವರು ಅದರ ಸತ್ವವನ್ನು ಹೀಗೆ ಕೈಯಾರೆ ಕಳೆಯುವುದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನಿಂಬೆರಸವೆಂದರೆ ಸಿ ಜೀವಸತ್ವದ ಕಣಜ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಂದು ನಿಂಬೆಹಣ್ಣಿನ ರಸದಲ್ಲಿ ಅದು ಹತ್ತು ಮಿಲಿಗ್ರಾಂನ ಆಸುಪಾಸಿನಲ್ಲಿರುತ್ತದೆ. ವಯಸ್ಕ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಆದ್ದರಿಂದಲೇ ನಾನು ಅರ್ಧ ಕಿತ್ತಳೆಯ ರಸವನ್ನೂ, ಸಣ್ಣಗೆ ಹೆಚ್ಚಿದ ದಪ್ಪಮೆಣಸಿನಕಾಯಿಯನ್ನೂ ಸೇರಿಸುತ್ತೇನೆ. ಹುಳಿರಸದ ದೊಡ್ಡ ಉಪಕಾರ ಬೇರೆಯೇ ಇದೆ. ಬೇಳೆಯಲ್ಲಿಯೂ ಸೊಪ್ಪಿನಲ್ಲಿಯೂ ಇರುವ ಕಬ್ಬಿಣದ ಅಂಶ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದೇ ತುತ್ತಿನಲ್ಲಿ ಸಿ ಜೀವಸತ್ವವಿದ್ದರೆ ಕರುಳು ಹೀರಿಕೊಳ್ಳುವ ರೂಪಕ್ಕೆ ಅದು ತಿರುಗುತ್ತದೆ. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ತೂಕ ಇಳಿಸುವ ಆಸೆಯಿಂದ ಎಣ್ಣೆಯನ್ನು ಪೂರ್ತಿ ಬಿಡುವವರಿಗೂ ಒಂದು ಮಾತು ಹೇಳಬೇಕು: ಕ್ಯಾರೆಟ್ಟಿನ ಬಣ್ಣದಲ್ಲಿರುವ ಎ ಜೀವಸತ್ವದ ಮೂಲವು ಸ್ವಲ್ಪವಾದರೂ ಜಿಡ್ಡಿಲ್ಲದೆ ಮೈಗೆ ಸೇರುವುದಿಲ್ಲ.

ಈಗ ಮಾಡುವ ಕ್ರಮಕ್ಕೆ ಬರುತ್ತೇನೆ. ಹಣ್ಣು ತೆಳುಸಿಪ್ಪೆಯದಾಗಿ, ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರವೆನಿಸಬೇಕು. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯ ಲಿಂಬೆ ಸಿಕ್ಕಿದರೆ ನಾನು ಬೇರೆಯದನ್ನು ಮುಟ್ಟುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಹಣ್ಣನ್ನು ಅರ್ಧ ಗಂಟೆ ಹೊರಗಿಟ್ಟು, ಅಡುಗೆಕಟ್ಟೆಯ ಮೇಲೆ ಅಂಗೈಯಿಂದ ಒತ್ತಿ, ಒಳಗಿನ ತೊಳೆಗಳು ಮೆತ್ತಗಾದವೆಂದು ಕೈಗೆ ತಿಳಿಯುವವರೆಗೆ ಉರುಳಿಸಬೇಕು. ಅಡ್ಡಲಾಗಿ ಹೆಚ್ಚಿ, ಹೆಚ್ಚಿದ ಮುಖ ಮೇಲಿರುವಂತೆ ಹಿಡಿದು ಹಿಂಡಿದರೆ ಬೀಜ ಅಲ್ಲೇ ಉಳಿದು, ರಸ ಸಿಪ್ಪೆಯ ಮೇಲೆ ಹರಿದು ಅದರ ಪರಿಮಳವನ್ನು ತೊಳೆದುಕೊಂಡು ಬಟ್ಟಲಿಗೆ ಇಳಿಯುತ್ತದೆ. ಕೊನೆಯ ಹನಿಯ ಆಸೆಗೆ ಸಿಪ್ಪೆಯನ್ನು ತಿರುಚಬೇಡಿ, ಕಹಿ ಬರುವುದೇ ಅಲ್ಲಿಂದ. ಮೊದಲು ರಸಕ್ಕೆ ಉಪ್ಪು ಹಾಕಿ ಪೂರ್ತಿ ಕರಗಿಸಬೇಕು, ಏಕೆಂದರೆ ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಹುಳಿ ಮುಂದೆ ನಿಲ್ಲುವುದರಿಂದ ಉಪ್ಪು ಎಂದಿಗಿಂತ ಕಡಿಮೆಯೇ ಸಾಕು. ರಕ್ತದೊತ್ತಡದವರಿಗೆ ಇದು ಅನುಕೂಲ. ಆಮೇಲೆ ಸಾಸಿವೆ, ಇಂಗು ಹಾಕಿ ಮಾಡಿದ ಒಗ್ಗರಣೆ ಬೆರಳು ಅದ್ದುವಷ್ಟು ಆರಿದ ಮೇಲೆ, ಅದನ್ನು ಹನಿಹನಿಯಾಗಿ ಬಿಡುತ್ತಾ ಸಣ್ಣ ಕಡಗೋಲಿನಿಂದ ಕಡೆಯಬೇಕು. ರಸ ಎರಡು ಪಾಲಾದರೆ ಎಣ್ಣೆ ಒಂದು ಪಾಲು, ಮಿಕ್ಕದ್ದು ಕಣ್ಣಂದಾಜು. ತಿಳಿಯಾಗಿದ್ದ ರಸ ನೀರುಮಜ್ಜಿಗೆಯಂತೆ ಮಸುಕಾದಾಗ ನಿಲ್ಲಿಸಿ, ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆಯೇ ಬೇಳೆಗೂ ತರಕಾರಿಗೂ ಬೆರೆಸಬೇಕು. ಹಾಗೆ ಕಡೆದ ರಸ ಪ್ರತಿಯೊಂದು ಬೇಳೆಗೂ ತೆಳುವಾಗಿ ಹತ್ತಿಕೊಳ್ಳುತ್ತದೆ, ಒಂದು ಹನಿಯೂ ತಳಕ್ಕೆ ಇಳಿಯುವುದಿಲ್ಲ.

ನಮ್ಮ ಅತ್ತೆಯವರು ಕೋಸಂಬರಿಯನ್ನು ಕಲ್ಲುಮರಿಗೆಯಲ್ಲಿ ಅಲ್ಲದೆ ಬೇರೆ ಪಾತ್ರೆಯಲ್ಲಿ ಕಲಸಲು ಬಿಡುತ್ತಿರಲಿಲ್ಲ. ರಾಮನವಮಿಯಂದು ಪಾನಕದ ಜೊತೆಗೆ ಕೊಡಲು ನಾನೊಮ್ಮೆ ತಾಮ್ರದ ಪಾತ್ರೆಯಲ್ಲಿ ಕಲಸಿ, ನೆಂಟರ ಎದುರಿನಲ್ಲಿಯೇ ಬೈಸಿಕೊಂಡಿದ್ದೆ. ತಾಮ್ರ ಹುಳಿಯೊಂದಿಗೆ ಸೇರಿ ಕಿಲುಬಾಗುವುದಲ್ಲದೆ ಸಿ ಜೀವಸತ್ವವನ್ನೂ ಬೇಗ ಕೆಡಿಸುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಪಿಂಗಾಣಿ, ಗಾಜು, ಸ್ಟೀಲು ಯಾವುದಾದರೂ ಆಗಬಹುದು. ಹಿಂಡಿದ ಸಿಪ್ಪೆಯನ್ನು ಬಿಸಾಡದೆ, ಅದಕ್ಕೆ ಪುಡಿಯುಪ್ಪು ಅದ್ದಿ ದೇವರ ಮನೆಯ ಹಿತ್ತಾಳೆ ದೀಪವನ್ನು ಉಜ್ಜಿರಿ. ಆದರೆ ಉಜ್ಜಿದ ಕೂಡಲೇ ತೊಳೆದು ಒಣಬಟ್ಟೆಯಿಂದ ಒರೆಸದಿದ್ದರೆ ಮರುದಿನವೇ ಮತ್ತೆ ಮಂಕಾಗುತ್ತದೆ.

ದೇವನಹಳ್ಳಿಯ ಚಕ್ಕೋತ ಸಿಗುವ ಕಾಲದಲ್ಲಿ ಅದರ ತೊಳೆಯನ್ನು ಹಿಸುಕಿ ಬೆರೆಸಿದರೆ ನಿಂಬೆ ಅರ್ಧವೇ ಸಾಕಾಗುತ್ತದೆ, ಹುಳಿಯೂ ಹಿತವಾಗಿರುತ್ತದೆ. ಕೊಲೆಸ್ಟೆರಾಲಿಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು, ಏಕೆಂದರೆ ಕೆಲವು ಮಾತ್ರೆಗಳಿಗೂ ಆ ಜಾತಿಯ ಹಣ್ಣಿಗೂ ಆಗಿಬರುವುದಿಲ್ಲ. ಎದೆಯುರಿ ಇರುವವರು ಹುಳಿಯನ್ನು ತಗ್ಗಿಸಿ ತೆಂಗಿನತುರಿಯನ್ನು ಹೆಚ್ಚಿಸಿಕೊಳ್ಳಲಿ. ಹುಳಿ ತಿಂದ ತಕ್ಷಣ ಹಲ್ಲುಜ್ಜಬೇಡಿ, ಮೆದುವಾದ ಹೊರಪದರ ಸವೆಯುತ್ತದೆ. ಬಾಯಿ ಮುಕ್ಕಳಿಸಿದರೆ ಸಾಕು. ಊಟದ ಹಿಂದೆಯೇ ಕಾಫಿ ಕುಡಿಯುವ ಅಭ್ಯಾಸವನ್ನೂ ಬಿಡಿ. ಕಾಫಿ, ಚಹಾ ಎರಡೂ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ, ಆದ್ದರಿಂದ ನಮ್ಮ ಮನೆಯಲ್ಲಿ ಊಟವಾಗಿ ಒಂದು ಗಂಟೆ ಕಳೆಯುವವರೆಗೆ ಡಿಕಾಕ್ಷನ್ ಬಿಸಿಗಿಡಲು ನಾನು ಯಾರಿಗೂ ಬಿಡುವುದಿಲ್ಲ.